ಹಳೇ ಪೊಲೀಸ್ ಕೇಸನ್ನು ಅಳಿಸಬೇಕಾ, ಬಿಡಬೇಕಾ? ದುಡ್ಡು ಬಿಚ್ಚುವ ಮೊದಲು ನೋಡಬೇಕಾದ್ದು

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನ ಎದುರು ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಪಾಸ್‌ಪೋರ್ಟ್ ಅರ್ಜಿ, ಕೆಲಸದ ಅರ್ಜಿ, ಕೋವಿ ಲೈಸೆನ್ಸ್ ನವೀಕರಣ ಎಲ್ಲ ತುಂಬಿಸಿ ಕೊಡುತ್ತೇನೆ. ಜೋರಾಗಿ ಮಾತಾಡುತ್ತಾ ಬಂದವರು ಕೂಡ ಒಂದು ಪ್ರಶ್ನೆ ಬಂದ ಕೂಡಲೇ ದನಿ ತಗ್ಗಿಸುತ್ತಾರೆ. "ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ?" ಅನ್ನುವ ಪ್ರಶ್ನೆ. "ಅಣ್ಣಾ, ಇದಕ್ಕೆ ಇಲ್ಲ ಅಂತ ಹಾಕಿದ್ರೆ ಗೊತ್ತಾಗುತ್ತಾ?" ಅಂತ ಕೇಳುತ್ತಾರೆ. ಗೊತ್ತಾಗುತ್ತೆ ಅಂತೀನಿ. ಆಮೇಲೆ ಬರುವ ಪ್ರಶ್ನೆ, "ಹಾಗಾದ್ರೆ ಕೇಸನ್ನೇ ಅಳಿಸೋಕೆ ಎಷ್ಟಾಗುತ್ತೆ?"

ನಾನು ವಕೀಲನಲ್ಲ. ಆದರೆ ಆ ಪ್ರಶ್ನೆಯ ಆಚೆ ಬದಿಯಲ್ಲೂ ನಿಂತವನು. 2011ರ ಮಳೆಗಾಲದಲ್ಲಿ ಪಕ್ಕದ ತೋಟದವರ ಜೊತೆ ಬೇಲಿ ಜಗಳ ಆಯಿತು. ನಾನು ಧರೆ ಮೇಲಿನ ಕಳೆ ಸವರುತ್ತಿದ್ದೆ, ಕೈಯಲ್ಲಿ ಕತ್ತಿ ಇತ್ತು. ಮಾತಿಗೆ ಮಾತು ಬೆಳೆದು ತಳ್ಳಾಟ ಆಯಿತು, ಅವರ ಮೊಣಕೈಗೆ ಗೀರು ಬಿತ್ತು. ಕೈಯಲ್ಲಿ ಕತ್ತಿ ಇಲ್ಲದಿದ್ದರೆ ಅದು ಬರೀ ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) ಸೆಕ್ಷನ್ 323, ಅಂದರೆ ಸಾಮಾನ್ಯ ಪೆಟ್ಟಿನ ಕೇಸು ಆಗುತ್ತಿತ್ತು. ಕತ್ತಿ ಇದ್ದದ್ದಕ್ಕೆ ಆಯುಧದಿಂದ ಗಾಯ ಮಾಡಿದ 324 ಸೇರಿತು. ಜೊತೆಗೆ ಊರಿನ ಎಲ್ಲ ಜಗಳಕ್ಕೂ ಬರುವ 504 (ಬೈದು ಕೆರಳಿಸಿದ್ದು), 506 (ಬೆದರಿಸಿದ್ದು). 2014ರಲ್ಲಿ ಖುಲಾಸೆ ಆಯಿತು. ಖುಷಿಯಲ್ಲಿ ಮನೆಗೆ ಹೋದೆ, ತೀರ್ಪಿನ ಪ್ರತಿ ತೆಗೆದುಕೊಳ್ಳಲೇ ಇಲ್ಲ. ಆ ಮರೆವಿನ ಬೆಲೆ ಎಂಟು ವರ್ಷ ಬಿಟ್ಟು ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಮಾತು: 'ಅಳಿಸುವ' ಕಾನೂನು ನಮ್ಮಲ್ಲಿಲ್ಲ

ಅಮೆರಿಕದ ಹಲವು ರಾಜ್ಯಗಳಲ್ಲಿ ಶಿಕ್ಷೆ ಮುಗಿದು ಇಷ್ಟು ವರ್ಷ ಆದ ಮೇಲೆ ಕೋರ್ಟಿಗೆ ಅರ್ಜಿ ಹಾಕಿ ದಾಖಲೆಯನ್ನೇ ಅಳಿಸಿಕೊಳ್ಳುವ ಅಥವಾ ಮುಚ್ಚಿಸುವ ಕಾನೂನಿದೆ. ಯೂಟ್ಯೂಬ್‌ನಲ್ಲಿ ಅದನ್ನು ನೋಡಿ ಬರುವವರು ಈಗೀಗ ಜಾಸ್ತಿ. ಭಾರತದಲ್ಲಿ ವಯಸ್ಕರಿಗೆ ಅಂಥ ಒಂದು ಕಾನೂನು ಇಲ್ಲ. ನಮ್ಮಲ್ಲಿ ಇರೋದು ಬೇರೆ ಬೇರೆ ಬಾಗಿಲುಗಳು: ಬಿ ರಿಪೋರ್ಟ್ (ಕೇಸಿನಲ್ಲಿ ಹುರುಳಿಲ್ಲ ಅಂತ ಪೊಲೀಸರೇ ಕೊಡುವ ವರದಿ), ರಾಜಿ, ಡಿಸ್ಚಾರ್ಜ್ (ವಿಚಾರಣೆ ಶುರುವಾಗುವ ಮೊದಲೇ ಕೋರ್ಟ್ ಆರೋಪಿಯನ್ನು ಕೈಬಿಡುವುದು), ಖುಲಾಸೆ, ಸರ್ಕಾರ ಕೇಸು ಹಿಂಪಡೆಯುವುದು, ಹೈಕೋರ್ಟಿನಲ್ಲಿ ರದ್ದು. ಯಾವ ಬಾಗಿಲಿಂದ ಹೊರಗೆ ಬಂದರೂ "ಕೇಸು ಇತ್ತು, ಹೀಗೆ ಮುಗಿಯಿತು" ಅನ್ನುವ ಕಾಗದ ಕೈಗೆ ಬರುತ್ತದೆ. "ಕೇಸೇ ಇರಲಿಲ್ಲ" ಅಂತ ಯಾರೂ ಬರೆದುಕೊಡುವುದಿಲ್ಲ. ಪೂರ್ತಿ ಅಳಿಸಿಕೊಡ್ತೀನಿ ಅಂತ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಕೇಸು ಈಗ ಎಲ್ಲಿದೆ ಅಂತ ಪತ್ತೆ ಮಾಡಿ

ತಮ್ಮ ಕೇಸಿನ ಸ್ಥಿತಿ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. "ಅದೆಲ್ಲ ಆವಾಗಲೇ ಮುಗೀತು" ಅಂತಾರೆ. ಹೇಗೆ ಮುಗೀತು ಅಂದರೆ ಉತ್ತರ ಇಲ್ಲ.

ಎರಡು ನಂಬರ್ ಬೇಕು. ಒಂದು ಠಾಣೆಯ ಕ್ರೈಂ ನಂಬರ್ ಮತ್ತು ವರ್ಷ. ಇನ್ನೊಂದು ಕೋರ್ಟಿನ ಸಿಸಿ ನಂಬರ್, ಅಂದರೆ ಕೋರ್ಟ್ ತನ್ನ ರಿಜಿಸ್ಟರಿನಲ್ಲಿ ಕೇಸಿಗೆ ಕೊಡುವ ನಂಬರ್. ಸಿಸಿ ನಂಬರ್ ಇಲ್ಲ ಅಂದರೆ ಹೆಚ್ಚಿನ ಪಾಲು ಪೊಲೀಸರ ಚಾರ್ಜ್‌ಶೀಟ್ (ಆರೋಪಪಟ್ಟಿ) ಕೋರ್ಟಿಗೆ ಬಂದಿಲ್ಲ, ಅಥವಾ ಬಿ ರಿಪೋರ್ಟ್ ಆಗಿದೆ ಅಂತ ಅರ್ಥ. ಎಫ್‌ಐಆರ್ ಪ್ರತಿಯನ್ನು ರಾಜ್ಯ ಪೊಲೀಸರ ವೆಬ್‌ಸೈಟ್‌ನಲ್ಲಿ ಹುಡುಕಬಹುದು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಅಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದಕ್ಕಿಂತ ಹಳೆಯದಾದರೆ ಕೋರ್ಟಿನಲ್ಲೇ ನಕಲು ಅರ್ಜಿ ಹಾಕಬೇಕು.

ಕೋರ್ಟಿನ ಸ್ಥಿತಿ ನೋಡೋಕೆ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ಇದೆ. ಜಿಲ್ಲೆ ಶಿವಮೊಗ್ಗ ಅಂತ ಹಾಕಿ, ಆಮೇಲೆ ಸಾಗರವೋ ಸೊರಬವೋ ನಿಮ್ಮ ತಾಲ್ಲೂಕು ಕೋರ್ಟ್ ಆರಿಸಿ, ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿ. ಇಲ್ಲೊಂದು ಕಿರಿಕಿರಿ ಇದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ನಮ್ಮ ಹೆಸರುಗಳನ್ನು ಬರೆದವರು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಮಂಜುನಾಥ ಅನ್ನೋದಕ್ಕೆ ಕೊನೆಗೆ 'ಎ' ಇದೆಯೋ ಇಲ್ಲವೋ, ತಿಮ್ಮಪ್ಪನಿಗೆ 'ಎಚ್' ಇದೆಯೋ ಇಲ್ಲವೋ. ಪೂರ್ತಿ ಹೆಸರು ಹೊಡೆಯಬೇಡಿ, ಮೊದಲ ನಾಲ್ಕೈದು ಅಕ್ಷರ ಸಾಕು. ವರ್ಷ ಬದಲಾಯಿಸಿ ಹುಡುಕಿ, 'ಬಾಕಿ' ಮತ್ತು 'ವಿಲೇವಾರಿ' ಎರಡರಲ್ಲೂ ನೋಡಿ. ಸಿಕ್ಕ ಮೇಲೆ 16 ಅಕ್ಷರದ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಎಲ್ಲದಕ್ಕೂ ಅದೊಂದೇ ಸಾಕು.

ಹೀಗೆ ಹುಡುಕುವಾಗ ಕೆಲವರಿಗೆ ಶಾಕ್ ಆಗುವುದುಂಟು. ಕೋರ್ಟಿನ ಡೇಟಿಗೆ ಹೋಗೋದು ಬಿಟ್ಟು ಬೆಂಗಳೂರು ಸೇರಿದವರ ಮೇಲೆ ಜಾಮೀನು ಇಲ್ಲದ ವಾರಂಟ್ ಹಾಗೇ ಉಳಿದಿರುತ್ತದೆ. ಜೊತೆಯ ಆರೋಪಿಗಳೆಲ್ಲ ಖುಲಾಸೆ ಆಗಿ, ಇವರೊಬ್ಬರ ಕೇಸನ್ನು ಬೇರೆ ಮಾಡಿ ಇಟ್ಟಿರುತ್ತಾರೆ. ಅಂಥವರು ಮೊದಲು ವಕೀಲರ ಮೂಲಕ ಕೋರ್ಟಿಗೆ ಹಾಜರಾಗಿ ವಾರಂಟ್ ಹಿಂಪಡೆಸಬೇಕು. ಉಳಿದದ್ದು ಆಮೇಲೆ.

ಬಿ ರಿಪೋರ್ಟ್ ಆಗಿದೆ ಅಂತ ಠಾಣೆಯ ರೈಟರ್ ಹೇಳಿದರೂ ಸಾಲದು. ಪೊಲೀಸರು ಬಿ ರಿಪೋರ್ಟ್ ಹಾಕಿದ ಮೇಲೆ ದೂರುದಾರರಿಗೆ ನೋಟಿಸ್ ಹೋಗುತ್ತೆ, ಅವರು ತಕರಾರು ಹಾಕಬಹುದು. ಮ್ಯಾಜಿಸ್ಟ್ರೇಟ್ ಒಪ್ಪಿಕೊಂಡ ಆದೇಶ ಇದ್ದರೆ ಮಾತ್ರ ಅದು ಮುಗಿದ ಹಾಗೆ.

ಯಾರು ಕೇಳ್ತಾರೆ, ಏನಂತ ಕೇಳ್ತಾರೆ

ನನ್ನ ಪ್ರಕಾರ ಇಡೀ ಲೆಕ್ಕ ನಿಂತಿರೋದು ಇಲ್ಲೇ. ವಕೀಲರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಮುಂದಿನ ಐದು ವರ್ಷದಲ್ಲಿ ಈ ಕೇಸಿನ ಬಗ್ಗೆ ನನ್ನನ್ನು ಯಾರು ಕೇಳಬಹುದು? ಅವರ ಫಾರಂನಲ್ಲಿ ಪ್ರಶ್ನೆ ಹೇಗಿದೆ? "ಕೇಸು ಬಾಕಿ ಇದೆಯೇ", "ಶಿಕ್ಷೆ ಆಗಿದೆಯೇ", "ಎಂದಾದರೂ ಬಂಧನ ಆಗಿತ್ತೇ" – ಮೂರಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ.

ಪಾಸ್‌ಪೋರ್ಟ್ ತಗೊಳ್ಳಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ನಿರಾಕರಿಸಬಹುದು. ಬರೀ ಎಫ್‌ಐಆರ್ ಆಗಿ ತನಿಖೆಯಲ್ಲಿದ್ದರೆ ಅದು 'ಬಾಕಿ ಕೇಸು' ಅಲ್ಲ, ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಂಡಿರಬೇಕು. ಹಾಗೆ ತೆಗೆದುಕೊಂಡಿದ್ದರೂ ದಾರಿ ಮುಚ್ಚಿಲ್ಲ. 1993ರ ಅಧಿಸೂಚನೆಯ ಪ್ರಕಾರ ಅದೇ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದರೆ ಪಾಸ್‌ಪೋರ್ಟ್ ಸಿಗುತ್ತದೆ. ಎಷ್ಟು ವರ್ಷಕ್ಕೆ ಅಂತ ಆದೇಶದಲ್ಲಿ ಬರೆಯದಿದ್ದರೆ ಒಂದೇ ವರ್ಷಕ್ಕೆ ಕೊಡುತ್ತಾರೆ. ಹಾಗಾಗಿ ಅರ್ಜಿಯಲ್ಲೇ ವರ್ಷ ಕೇಳಿ ಅಂತ ನಿಮ್ಮ ವಕೀಲರಿಗೆ ನೆನಪಿಸಿ. ಮಗಳ ಬಾಣಂತನಕ್ಕೆ ಮಸ್ಕತ್‌ಗೆ ಹೋಗಬೇಕಾದವರಿಗೆ ಹೈಕೋರ್ಟಿನ ರದ್ದತಿ ಬೇಕಾಗಿಲ್ಲ, ತಾಲ್ಲೂಕು ಕೋರ್ಟಿನ ಈ ಒಂದು ಆದೇಶ ಸಾಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ದುಡ್ಡು ಸುರಿದಿದ್ದಾರೆ.

ಅಮೆರಿಕದ ವೀಸಾ ಫಾರಂ ಇದಕ್ಕೆ ಉಲ್ಟಾ. ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿತ್ತೇ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ ಕೇಳುತ್ತಾರೆ. ಅಲ್ಲಿ ಕೇಸು ರದ್ದಾಗಿದ್ದರೂ ಬಂಧನ ಆಗಿದ್ದರೆ ಹೌದು ಅಂತಲೇ ಬರೆದು, ರದ್ದತಿ ಆದೇಶವನ್ನು ತೋರಿಸಬೇಕು. ಅಲ್ಲಿ ರದ್ದತಿಯಿಂದ ಆಗುವ ಉಪಕಾರ ಅಷ್ಟೇ.

ಸರ್ಕಾರಿ ಕೆಲಸಕ್ಕೆ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಆಧಾರ. ಕೇಸನ್ನು ಮುಚ್ಚಿಟ್ಟರೆ ಅದೇ ಕೆಲಸ ಹೋಗಲು ಕಾರಣ ಆಗಬಹುದು. ತೀರಾ ಸಣ್ಣ ಕೇಸಾದರೆ ಕ್ಷಮಿಸಲೂಬಹುದು. ನಿಜ ಹೇಳಿದರೂ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ, ಪರಿಶೀಲಿಸುವ ಹಕ್ಕು ಇಲಾಖೆಗೆ ಇದೆ. ಪೊಲೀಸ್ ಇಲಾಖೆಯಂಥ ಕೆಲಸಕ್ಕೆ ಖುಲಾಸೆ ಹೇಗಾಯಿತು ಅಂತಲೂ ನೋಡುತ್ತಾರೆ. ಸಾಕ್ಷಿಗಳು ತಿರುಗಿ ಬಿದ್ದು ಅನುಮಾನದ ಲಾಭದಲ್ಲಿ ಬಂದ ಖುಲಾಸೆಗೂ, ಕೇಸೇ ಸುಳ್ಳು ಅಂತ ಸಾಬೀತಾಗಿ ಬಂದ ಖುಲಾಸೆಗೂ ತೂಕ ಬೇರೆ. ಇಂಥ ಕೆಲಸಕ್ಕೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಮಾತ್ರ ಹೈಕೋರ್ಟಿನ ದಾರಿಯ ಬಗ್ಗೆ ಗಂಭೀರವಾಗಿ ಯೋಚಿಸಿ ಅಂತ ನಾನೇ ಹೇಳುತ್ತೇನೆ.

ಖಾಸಗಿ ಕಂಪನಿಗಳ ಪರಿಶೀಲನೆಯವರು ಇ-ಕೋರ್ಟ್ಸ್‌ನಲ್ಲೇ ಹೆಸರು ಹಾಕಿ ನೋಡುತ್ತಾರೆ. ಅವರಿಗೆ 'ವಿಲೇವಾರಿ, ಖುಲಾಸೆ' ಅಂತ ಕಂಡರೆ ಸಾಮಾನ್ಯವಾಗಿ ಮಾತು ಅಲ್ಲಿಗೇ ಮುಗಿಯುತ್ತೆ.

ನಮ್ಮ ಕಡೆ ಇನ್ನೊಂದು ಇದೆ, ಕೋವಿ. ಮಂಗ, ಕಾಡುಹಂದಿ ಕಾಟಕ್ಕೆ ಲೈಸೆನ್ಸ್ ಇಟ್ಟುಕೊಂಡ ತೋಟದವರು ತುಂಬಾ ಜನ. ನವೀಕರಣಕ್ಕೆ ಪೊಲೀಸ್ ವರದಿ ಬೇಕು. ಹೊಡೆದಾಟದಂಥ ಕೇಸಿನಲ್ಲಿ ಜೈಲು ಶಿಕ್ಷೆ ಆಗಿದ್ದರೆ, ಶಿಕ್ಷೆ ಮುಗಿದ ಮೇಲೂ ಐದು ವರ್ಷ ಆಯುಧ ಕಾಯ್ದೆ ಅಡ್ಡ ಬರುತ್ತದೆ.

ಹಾಳೆ ಖಾಲಿ ಉಳಿಯಿತಾ? ಯಾರೂ ಕೇಳುವವರಿಲ್ಲವಾ? ಹೋದ ವರ್ಷ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಇಪ್ಪತ್ತೈದು ವರ್ಷದ ಹಿಂದಿನ ಇಸ್ಪೀಟ್ ಕೇಸು, ದಂಡ ಕಟ್ಟಿ ಮುಗಿದದ್ದು. "ಸಾಯೋ ಮುಂಚೆ ಹೆಸರು ಚೊಕ್ಕ ಆಗ್ಲಿ ಅಂತ" ಅಂದರು. ಅವರಿಗೆ ಪಾಸ್‌ಪೋರ್ಟ್ ಬೇಡ, ಕೆಲಸ ಬೇಡ, ಕೋವಿ ಇಲ್ಲ. "ಹೆಗಡೇರೆ, ನಿಮ್ಮ ಹೆಸರು ಕೋರ್ಟಲ್ಲಿ ಇಲ್ಲ, ಊರಲ್ಲಿದೆ. ಊರಲ್ಲಿ ಚೊಕ್ಕವಾಗೇ ಇದೆ, ಮನೆಗೆ ಹೋಗಿ" ಅಂದೆ. ಒಂದು ಕಾಫಿ ಕುಡಿಸಿ ಹೋದರು.

ಕೇಸಿನ್ನೂ ನಡೆಯುತ್ತಿದ್ದರೆ

ಮೊದಲು ಸೆಕ್ಷನ್ ನೋಡಿ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಘಟನೆಗೆ ಹಳೇ ಐಪಿಸಿ, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆ. 323 ಈಗ 115(2), 324 ಈಗ 118(1), 504 ಈಗ 352, 506 ಈಗ 351.

ಕೆಲವು ಅಪರಾಧಗಳನ್ನು ಪೆಟ್ಟು ತಿಂದವರೇ ರಾಜಿ ಮಾಡಿಕೊಳ್ಳಬಹುದು, ಕೆಲವಕ್ಕೆ ಕೋರ್ಟಿನ ಅನುಮತಿ ಬೇಕು. 323, 504, 506 ಎಲ್ಲ ರಾಜಿಗೆ ಬರುತ್ತವೆ. ತಾಲ್ಲೂಕಿನಲ್ಲೇ ಲೋಕ ಅದಾಲತ್‌ನಲ್ಲಿ ಕೂತು ಮುಗಿಸಬಹುದು. ರಾಜಿಯ ಫಲ ಖುಲಾಸೆಗೆ ಸಮ ಅಂತ ಕಾನೂನೇ ಹೇಳುತ್ತದೆ. ಇದಕ್ಕಿಂತ ಅಗ್ಗದ, ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಊರ ಹಿರಿಯರ ಮುಂದೆ ಕೈ ಕುಲುಕಿ, ಎಲೆ ಅಡಿಕೆ ಹಾಕಿ ಎದ್ದು ಬಂದರೆ ಮಾತ್ರ ಕೇಸು ಮುಗಿಯುವುದಿಲ್ಲ. ಆ ರಾಜಿ ಕೋರ್ಟಿನ ಆರ್ಡರ್ ಶೀಟ್ ಹತ್ತಬೇಕು.

ಆದರೆ 324 ರಾಜಿಗೆ ಬರುವುದಿಲ್ಲ. ಕತ್ತಿ ಹಿಡಿದ ನನ್ನ ಕೈ ಮಾಡಿದ ಕೆಲಸ ಇದು. ಪಕ್ಕದ ತೋಟದವರೂ ನಾನೂ ಒಂದೇ ವರ್ಷದಲ್ಲಿ ಸರಿಹೋಗಿದ್ದೆವು, ಅಡಿಕೆ ಕೊಯ್ಲಿಗೆ ಆಳು ಬದಲಿಸಿಕೊಳ್ಳುತ್ತಿದ್ದೆವು. ಕೋರ್ಟಿನಲ್ಲಿ ಮಾತ್ರ ನಾನು ಆರೋಪಿ, ಅವರು ಸಾಕ್ಷಿ. ಒಂದೇ ಬಸ್ಸಿನಲ್ಲಿ ಡೇಟಿಗೆ ಹೋಗುತ್ತಿದ್ದೆವು, ಟಿಕೆಟ್ ಒಮ್ಮೆ ಅವರು, ಒಮ್ಮೆ ನಾನು. ಗಂಡ ಹೆಂಡಿರ 498ಎ (ಹೆಂಡತಿಗೆ ಕಿರುಕುಳ) ಕೇಸಿಗೂ ಇದೇ ಕಥೆ. ಮನೆಯಲ್ಲಿ ರಾಜಿ ಆದರೂ ತಾಲ್ಲೂಕು ಕೋರ್ಟಿಗೆ ಅದನ್ನು ಒಪ್ಪುವ ಅಧಿಕಾರ ಇಲ್ಲ. ಇಂಥವಕ್ಕೆ ಹೈಕೋರ್ಟೇ ಬೇಕು.

ಚಾರ್ಜ್‌ಶೀಟ್ ಓದಿದರೆ ನಿಮ್ಮ ಮೇಲೆ ಏನೂ ಇಲ್ಲ, ಗುಂಪಿನಲ್ಲಿ ಹೆಸರು ಸೇರಿಸಿದ್ದಾರೆ ಅನ್ನಿಸಿದರೆ ಡಿಸ್ಚಾರ್ಜ್ ಅರ್ಜಿ ಹಾಕಬಹುದು. ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ 60 ದಿನದ ಗಡುವು ಇದೆ, ಮ್ಯಾಜಿಸ್ಟ್ರೇಟ್ ಮುಂದಿನ ವಾರಂಟ್ ಕೇಸಾದರೆ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧದ ಕೇಸು) ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದ ದಿನದಿಂದ. ವಕೀಲರು "ನೋಡೋಣ" ಅಂದರೆ ನೀವೇ ದಿನ ಎಣಿಸಿ.

ರೈತರ, ಸಂಘಟನೆಗಳ ಹೋರಾಟದಲ್ಲಿ ರಸ್ತೆ ತಡೆ ಅಂತ ಕೇಸು ಬಿದ್ದವರಿಗೆ ಇನ್ನೊಂದು ದಾರಿ ಇದೆ. ಸರ್ಕಾರ ಕೇಸು ಹಿಂಪಡೆಯಲು ತೀರ್ಮಾನಿಸಿದರೆ ಸರ್ಕಾರಿ ವಕೀಲರು ಕೋರ್ಟಿಗೆ ಅರ್ಜಿ ಹಾಕುತ್ತಾರೆ. ಕೋರ್ಟ್ ಒಪ್ಪಬೇಕು. "ಸಚಿವ ಸಂಪುಟದಲ್ಲಿ ವಾಪಸ್ ಆಯ್ತಂತೆ" ಅಂತ ಪೇಪರ್ ನೋಡಿ ಡೇಟಿಗೆ ಹೋಗೋದು ಬಿಟ್ಟು ವಾರಂಟ್ ಹೊರಡಿಸಿಕೊಂಡವರನ್ನು ಕಂಡಿದ್ದೇನೆ.

ಇನ್ನು ಒಂದು ಎಚ್ಚರಿಕೆ. ಸಣ್ಣ ಕೇಸಿನಲ್ಲಿ "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತೆ" ಅಂತ ಸುತ್ತಲಿನವರು ಹೇಳುತ್ತಾರೆ. ಮುಗಿಯೋದು ನಿಜ. ಆದರೆ ಅದು ಶಿಕ್ಷೆ ಅಂತಲೇ ದಾಖಲಾಗುತ್ತದೆ. ಹೊಸನಗರ ಕಡೆಯ ಒಬ್ಬ ಹುಡುಗ ಜಾತ್ರೆ ಗಲಾಟೆಯಲ್ಲಿ ಹೀಗೆ ಮುನ್ನೂರು ರೂಪಾಯಿ ದಂಡ ಕಟ್ಟಿದ್ದ. ಎರಡು ವರ್ಷ ಬಿಟ್ಟು ಕಾನ್‌ಸ್ಟೇಬಲ್ ನೇಮಕಾತಿಯ ಅರ್ಜಿ ಹಿಡಿದು ನನ್ನ ಎದುರು ಕೂತ. "ಶಿಕ್ಷೆ ಆಗಿದೆಯೇ" ಅನ್ನುವ ಸಾಲಿನ ಮೇಲೆ ಅವನ ಬೆರಳು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯ ಬಾಗಿಲೂ ಹೆಚ್ಚು ಕಡಿಮೆ ಮುಚ್ಚಿದ ಹಾಗೆ, ಶಿಕ್ಷೆಯ ಪ್ರಮಾಣದ ಬಗ್ಗೆ ಮಾತ್ರ ಕೇಳಬಹುದು. ಸರ್ಕಾರಿ ಕೆಲಸದ ಆಸೆ ಇರುವ ವಯಸ್ಸಿನವರು ದಯವಿಟ್ಟು ಆ ಬೆಳಿಗ್ಗೆ ಅವಸರ ಮಾಡಬೇಡಿ.

ಹೈಕೋರ್ಟಿಗೆ ಹೋಗಬೇಕಾ?

ಕೇಸು ರದ್ದು ಮಾಡುವ ಅಧಿಕಾರ ಹೈಕೋರ್ಟಿಗೆ ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 482ರಲ್ಲಿ ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ರಲ್ಲಿದೆ. ನಮ್ಮ ಜಿಲ್ಲೆಯವರು ಹೋಗಬೇಕಾದ್ದು ಬೆಂಗಳೂರಿನ ಪೀಠಕ್ಕೆ. ತಾಳಗುಪ್ಪ ದಾಟಿ ಸಿದ್ದಾಪುರಕ್ಕೆ ಹೋದರೆ ಉತ್ತರ ಕನ್ನಡ, ಅಲ್ಲಿಯವರಿಗೆ ಧಾರವಾಡ. ಗಡಿ ಊರುಗಳಲ್ಲಿ ಕೇಸು ಯಾವ ಠಾಣೆಯದ್ದು ಅಂತ ನೋಡಿಕೊಳ್ಳಿ.

ಹೈಕೋರ್ಟ್ ಸಾಕ್ಷಿ ತೂಗಿ ನೋಡುವುದಿಲ್ಲ. "ನಾನು ಆ ದಿನ ಊರಲ್ಲೇ ಇರಲಿಲ್ಲ, ಶಿವಮೊಗ್ಗ ಮಂಡಿಗೆ ಅಡಿಕೆ ತಗೊಂಡು ಹೋಗಿದ್ದೆ" ಅನ್ನುವುದು ವಿಚಾರಣೆಯಲ್ಲಿ ಹೇಳಬೇಕಾದ ಮಾತು. ಹೈಕೋರ್ಟ್ ಕೇಳೋದು ಬೇರೆ. ದೂರಿನಲ್ಲಿ ಬರೆದದ್ದನ್ನೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಅಪರಾಧ ಆಗುತ್ತದಾ? ಕೇಸು ನಡೆಸಲು ಕಾನೂನಿನ ತಡೆ ಇದೆಯಾ? ದ್ವೇಷ ತೀರಿಸಿಕೊಳ್ಳಲೆಂದೇ ಹಾಕಿದ್ದು ಮೇಲ್ನೋಟಕ್ಕೇ ಕಾಣುತ್ತದಾ? ಇಂಥ ಏಳು ಸಂದರ್ಭಗಳನ್ನು ಸುಪ್ರೀಂ ಕೋರ್ಟ್ 1990ರ ಭಜನ್ ಲಾಲ್ ಪ್ರಕರಣದಲ್ಲಿ ಹೇಳಿತ್ತು. ಇವತ್ತಿಗೂ ವಕೀಲರು ಅದನ್ನೇ ಹಿಡಿಯುತ್ತಾರೆ.

ಕಾನೂನಿನ ತಡೆ ಅಂದರೆ ಎರಡು ಸಂಗತಿ ನೀವೇ ನೋಡಬಹುದು. ಒಂದು, ಪೊಲೀಸರು ನೇರವಾಗಿ ತನಿಖೆ ಮಾಡುವಂತಿಲ್ಲದ ಸಣ್ಣ ಅಪರಾಧಗಳಿವೆ. ಅವಕ್ಕೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಆ ಅನುಮತಿ ಸರಿಯಾಗಿ ಇಲ್ಲದ ಕೇಸುಗಳನ್ನು ನಮ್ಮ ಹೈಕೋರ್ಟ್ ಎಷ್ಟೋ ಸಲ ರದ್ದು ಮಾಡಿದೆ. ಇನ್ನೊಂದು, ಗಡುವು. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗೆ ಶಿಕ್ಷೆ ಇರುವುದಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ. ಚಾರ್ಜ್‌ಶೀಟ್ ಮೇಲಿನ ತಾರೀಕನ್ನೂ ಘಟನೆಯ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಡುವು ಮೀರಿದ್ದರೆ ಅದನ್ನು ವಕೀಲರ ಮುಂದೆ ಇಡಿ.

ರಾಜಿಯ ಮೇಲೆ ರದ್ದು ಮಾಡಿಸುವುದಕ್ಕೆ 2012ರ ಗ್ಯಾನ್ ಸಿಂಗ್ ತೀರ್ಪು ಆಧಾರ. ನೆರೆಹೊರೆ, ಗಂಡ ಹೆಂಡತಿ, ವ್ಯವಹಾರದ ಜಗಳಗಳು ಇದರಲ್ಲಿ ಬರುತ್ತವೆ. ಕೊಲೆ, ಅತ್ಯಾಚಾರ, ಡಕಾಯಿತಿಯಂಥವು ರಾಜಿ ಆದರೂ ರದ್ದಾಗುವುದಿಲ್ಲ. ದೂರುದಾರರೂ ಸಹಿ ಹಾಕಬೇಕು, ಕೋರ್ಟಿನ ಮುಂದೆ ಬಂದು ತಮ್ಮ ಇಷ್ಟದಿಂದಲೇ ಅಂತ ಹೇಳಬೇಕು. ಅವರ ಬೆಂಗಳೂರಿನ ಬಸ್ ಚಾರ್ಜು, ಊಟ ನಿಮ್ಮ ಲೆಕ್ಕಕ್ಕೆ ಅಂತ ಮೊದಲೇ ಇಟ್ಟುಕೊಳ್ಳಿ. ಶಿಕ್ಷೆ ಆದ ಮೇಲೂ ಇಂಥ ಖಾಸಗಿ ಜಗಳಗಳನ್ನು ರದ್ದು ಮಾಡಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಘೋರ ಅಪರಾಧ ಆಗಿರಬಾರದು ಅಷ್ಟೆ.

ಹಾಗಾದರೆ ಯಾವಾಗ ಹೋಗಬಾರದು? ಕೇಸಿನಲ್ಲಿ ಸಾಕ್ಷಿ ಎಲ್ಲ ಮುಗಿದು ತೀರ್ಪು ಹತ್ತಿರ ಇದ್ದರೆ ಹೋಗಬೇಡಿ. ತಡೆಯಾಜ್ಞೆ ತಂದರೆ ಮುಗಿಯುವ ಕೇಸು ಮತ್ತೆ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಹಾಳೆಯಲ್ಲಿ ಕೇಳುವವರು ಬರೀ "ಬಾಕಿ ಇದೆಯಾ" ಅಂತ ಕೇಳುವವರಾದರೆ ಖುಲಾಸೆ ಸಾಕು. ವಾದವೆಲ್ಲ ಸಾಕ್ಷಿಯ ಮೇಲೆ ನಿಂತಿದ್ದರೂ ಬೇಡ. ಹೋಗುವುದೇ ಆದರೆ ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು, ಊರಿನ ವಕೀಲರಿಗೆ ಬೇರೆಯಾ ಅಂತ ಮೊದಲೇ ಮಾತಾಡಿ. ಕೇಳೋಕೆ ಮುಜುಗರ ಬೇಡ. ತೋಟಕ್ಕೆ ಮದ್ದು ಹೊಡೆಯುವವರ ಹತ್ತಿರ ಡ್ರಮ್ಮಿಗೆ ಎಷ್ಟು ಅಂತ ಕೇಳ್ತೀವಲ್ವಾ?

ಫೀಸಿಗೆ ಶಕ್ತಿ ಇಲ್ಲದವರು ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕೋರ್ಟಿನಲ್ಲೇ ಇರುವ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಶಿಕ್ಷೆ ಆಗಿಬಿಟ್ಟಿದ್ದರೆ

ತಾಲ್ಲೂಕು ಕೋರ್ಟಿನ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಮೇಲ್ಮನವಿ. ತಡವಾಗಿದ್ದರೆ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬಹುದು. ಆದರೆ "ಗೊತ್ತಿರಲಿಲ್ಲ" ಅನ್ನುವುದು ದೊಡ್ಡ ಕಾರಣ ಆಗುವುದಿಲ್ಲ.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ಇದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ, ಎಚ್ಚರಿಕೆ ಕೊಟ್ಟೋ ಸನ್ನಡತೆಯ ಬಾಂಡ್ ಬರೆಸಿಯೋ ಬಿಡಬಹುದು. ಹಾಗೆ ಬಿಟ್ಟರೆ 12ನೇ ಸೆಕ್ಷನ್ ಪ್ರಕಾರ ಆ ಶಿಕ್ಷೆಗೆ ಅಂಟಿದ ಅನರ್ಹತೆ ತಟ್ಟುವುದಿಲ್ಲ. ಇದನ್ನು ಕೇಳಬೇಕಾದ್ದು ಶಿಕ್ಷೆ ಪ್ರಕಟಿಸುವ ದಿನ. ಆವತ್ತು ಕೇಳದೆ ಬಂದರೆ ಮೇಲ್ಮನವಿಯಲ್ಲಿ ಕೇಳಬಹುದು. ಆದರೂ ಅಪರಾಧಿ ಅಂತ ತೀರ್ಮಾನ ಆದದ್ದು ಹಾಗೇ ಉಳಿಯುತ್ತದೆ. ಸರ್ಕಾರಿ ನೌಕರರ ಮೇಲೆ ಇಲಾಖೆ ಕ್ರಮ ತೆಗೆದುಕೊಳ್ಳುವುದನ್ನು ಇದು ತಡೆಯುವುದಿಲ್ಲ.

ಹದಿನೆಂಟು ತುಂಬುವ ಮೊದಲಿನ ಕೇಸು

ನಿಜವಾಗಿ ಅಳಿಸುವ ಕಾನೂನು ಇರುವುದು ಇಲ್ಲಿ ಮಾತ್ರ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಹುಡುಗನಿಗೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಬೇಕು. 16 ದಾಟಿದವರು ಘೋರ ಅಪರಾಧ ಮಾಡಿ ವಯಸ್ಕರಂತೆ ವಿಚಾರಣೆ ಎದುರಿಸಿದರೆ ಮಾತ್ರ ಬೇರೆ. 74ನೇ ಸೆಕ್ಷನ್ ಇನ್ನೂ ಉಪಯೋಗದ್ದು. ಮುಗಿದ ಕೇಸಿನ ವಿಷಯವನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಪೊಲೀಸರು ಬಯಲು ಮಾಡುವಂತಿಲ್ಲ. ಪಿಯುಸಿಯಲ್ಲಿದ್ದಾಗ ಬಸ್‌ ಸ್ಟ್ಯಾಂಡ್ ಹೊಡೆದಾಟದಲ್ಲಿ ಸಿಕ್ಕಿಹಾಕಿಕೊಂಡ ಮಗನ ಬಗ್ಗೆ ಅಪ್ಪ ಅಮ್ಮ ಚಿಂತೆ ಮಾಡುತ್ತಾ ಬಂದರೆ ನಾನು ಮೊದಲು ಕೇಳುವುದು ಘಟನೆಯ ದಿನ ಅವನಿಗೆ ಎಷ್ಟು ವಯಸ್ಸು ಅಂತ. ಎಷ್ಟೋ ಸಲ ಅಲ್ಲೇ ಅರ್ಧ ಭಾರ ಇಳಿಯುತ್ತದೆ.

ರೌಡಿ ಶೀಟ್ ಬೇರೆ ವಿಷಯ. ಅದು ಕೋರ್ಟಿನದಲ್ಲ, ಪೊಲೀಸ್ ಕೈಪಿಡಿಯ ಪ್ರಕಾರ ಠಾಣೆಯಲ್ಲಿ ಇಡುವ ಪಟ್ಟಿ. ಕೇಸುಗಳೆಲ್ಲ ಖುಲಾಸೆ ಆದರೂ ಶೀಟ್ ತಾನಾಗಿ ಹೋಗುವುದಿಲ್ಲ. ತೀರ್ಪುಗಳನ್ನು ಲಗತ್ತಿಸಿ ಎಸ್‌ಪಿಗೆ ಅರ್ಜಿ ಕೊಡಬೇಕು, ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್.

ಆದೇಶ ಬಂದ ದಿನವೇ ಅರ್ಧ ಕೆಲಸ ಬಾಕಿ

ಈಗ ನನ್ನ ಎಂಟು ವರ್ಷದ ಕಥೆ. 2022ರಲ್ಲಿ ಪಾಸ್‌ಪೋರ್ಟಿಗೆ ಹಾಕಿದೆ. ಪೊಲೀಸ್ ಪರಿಶೀಲನೆಯಲ್ಲಿ ವಿರುದ್ಧ ವರದಿ. ಯಾಕೆ ಅಂದರೆ ಠಾಣೆಯ ಕಂಪ್ಯೂಟರಿನಲ್ಲಿ ನನ್ನ ಕೇಸು ಇನ್ನೂ 'ವಿಚಾರಣೆಯಲ್ಲಿದೆ'. ಖುಲಾಸೆಯ ಮಾಹಿತಿ ಅಲ್ಲಿ ಏರಿಸಿಯೇ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದೆ, "ಕಾಗದ ತನ್ನಿ" ಅಂದರು. ಕಾಗದ ನನ್ನ ಹತ್ತಿರ ಇಲ್ಲ. ಕೋರ್ಟಿನಲ್ಲಿ ಕೇಳಿದರೆ ಫೈಲು ರೆಕಾರ್ಡ್ ರೂಮಿಗೆ ಹೋಗಿದೆ. ಅಂಗಡಿಯಿಂದ ರಸ್ತೆ ದಾಟಿದರೆ ಕೋರ್ಟ್. ಆದರೂ ಮೂರು ವಾರ ಅಲೆದೆ. ದಿನಾ ಬೇರೆಯವರಿಗೆ ನಕಲು ಅರ್ಜಿ ಟೈಪ್ ಮಾಡಿಕೊಡುವವನು ನಾನೇ.

ಹಾಗಾಗಿ ತೀರ್ಪಾದ ವಾರವೇ ನಕಲು ಅರ್ಜಿ ಹಾಕಿ. ದೃಢೀಕೃತ ಪ್ರತಿ ಒಂದಲ್ಲ, ಮೂರು ತೆಗೆದುಕೊಳ್ಳಿ. ಒಂದನ್ನು ಅರ್ಜಿ ಜೊತೆ ಠಾಣೆಗೆ ಕೊಟ್ಟು, ದಾಖಲೆ ಸರಿಪಡಿಸಿ ಅಂತ ಬರೆದು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಇನ್ನೊಂದನ್ನು ಎಸ್‌ಪಿ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ತಿಂಗಳು ಬಿಟ್ಟು ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸುಮ್ನೆ ಒಂದು ಅರ್ಜಿ ಹಾಕಿ ನೋಡಿ. ದಾಖಲೆ ತಿದ್ದಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಬೆರಳಚ್ಚು, ಫೋಟೋ ತೆಗೆದಿದ್ದರೆ 2022ರ ಗುರುತು ಕಾಯ್ದೆ ನೋಡಿ. ಆ ಮಾಹಿತಿಯನ್ನು 75 ವರ್ಷ ಇಡಬಹುದು. ಹಿಂದೆ ಶಿಕ್ಷೆ ಆಗದವರು ಖುಲಾಸೆಯಾಗಿ, ಮೇಲ್ಮನವಿ ಎಲ್ಲ ಮುಗಿದಿದ್ದರೆ ಅದನ್ನು ನಾಶ ಮಾಡಬೇಕು. ಅದನ್ನೂ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ.

ಅಂತರ್ಜಾಲದಲ್ಲಿ ಉಳಿದ ಹೆಸರಿನ ಮಾತು ಬೇರೆ. 2017ರಲ್ಲಿ ನಮ್ಮ ಹೈಕೋರ್ಟ್ ಒಬ್ಬ ಮಹಿಳೆಯ ಹೆಸರು ಅವರ ಪ್ರಕರಣದ ಆದೇಶದ ಜೊತೆ ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಿ ಅಂತ ಹೇಳಿತ್ತು. ಆದರೆ ಎಲ್ಲರಿಗೂ ತಾನಾಗಿ ಸಿಗುವ ಹಕ್ಕು ಅಂತ ಇನ್ನೂ ಹೇಳುವ ಹಾಗಿಲ್ಲ. ರದ್ದತಿಗೆ ಹೋಗುವವರು ಅದೇ ಅರ್ಜಿಯಲ್ಲಿ ಹೆಸರು ಮರೆಮಾಡಿ ಅಂತ ಒಂದು ಕೋರಿಕೆ ಸೇರಿಸಲು ವಕೀಲರಿಗೆ ಹೇಳಿ. ಆಮೇಲೆ ಬೇರೆ ಕೇಸು ಹಾಕುವುದಕ್ಕಿಂತ ಇದು ಸುಲಭ.

ಕೊನೆಗೆ ಕಾಗದ ಇಡುವ ಜಾಗ. ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ. ಗುಂಡುಪಿನ್ನು ತುಕ್ಕು ಹಿಡಿದು ಸೀಲಿನ ಮೇಲೇ ಕಲೆ ಬೀಳುತ್ತದೆ. ಅಟ್ಟದ ಪೆಟ್ಟಿಗೆಗೆ ಗೆದ್ದಲು. ಲ್ಯಾಮಿನೇಷನ್ ಮಾಡಿಸಬೇಡಿ, ಮುದ್ರೆಯನ್ನು ಮುಟ್ಟಿ ನೋಡಬೇಕು ಅನ್ನುವವರು ಒಪ್ಪುವುದಿಲ್ಲ. ಪಿನ್ನು ತೆಗೆದು, ದಾರ ಪೋಣಿಸಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಪಹಣಿ ಜೊತೆ ಇಡಿ. ಸ್ಕ್ಯಾನ್ ಮಾಡಿ ನಿಮ್ಮ ಈಮೇಲಿಗೇ ಒಂದು ಕಳಿಸಿಕೊಳ್ಳಿ. ಸ್ಕ್ಯಾನಿಗೆ ನಾನು ಹಾಳೆಗೆ ಐದು ರೂಪಾಯಿ ತಗೊಳ್ತೀನಿ, ಖುಲಾಸೆ ಪ್ರತಿಗೆ ಮಾತ್ರ ಪುಕ್ಕಟೆ.